ಪ್ರತಿಕ್ರಿಯೆ: ಗೇನ್ 29 ಬೇಕೋ, 11.6 ಸಾಕೋ?

ಮಂಡ್ಯದ ಗೆಳೆಯರೇ, ಮೂರು ಹಂತದ ಆರ್‌ಸಿ ಫೇಸ್ ಶಿಫ್ಟ್ ಆಸಿಲೇಟರ್‌ಗೆ (ರೆಸಿಸ್ಟರ್-ಕೆಪಾಸಿಟರ್ ಜೋಡಿಗಳಿಂದ ಸಿಗ್ನಲ್ಲಿನ ಫೇಸ್ ತಿರುಗಿಸಿ ಅಲೆ ಹುಟ್ಟಿಸುವ ಸರ್ಕ್ಯೂಟ್; ಒಂದು ಜೋಡಿ ಅಂದ್ರೆ ಒಂದು ಹಂತ) ಲ್ಯಾಬ್‌ನಲ್ಲಿ ಗೇನ್, ಅಂದ್ರೆ ಆಂಪ್ಲಿಫೈಯರ್ ಸಿಗ್ನಲ್ಲನ್ನು ಹಿಗ್ಗಿಸುವ ಪಟ್ಟು, 29 ಬೇಕಾಯ್ತು, ಪುಸ್ತಕದಲ್ಲಿ 11.6 ಅಂತಿದೆ, ಯಾವುದು ಸರಿ ಅಂತ ಕೇಳಿದ್ದೀರಿ. ಎರಡೂ ಸರಿ. 29 ಮೂರು ಸಮ ಹಂತಗಳ ಲೆಕ್ಕ, 11.6 ಅನ್ನೋದು ಡಿಸ್ಟ್ರಿಬ್ಯೂಟೆಡ್ ಲೈನಿನ ಲೆಕ್ಕ. ಅಲ್ಲಿ ರೆಸಿಸ್ಟೆನ್ಸ್, ಕೆಪಾಸಿಟೆನ್ಸ್ ಎರಡೂ ಉದ್ದಕ್ಕೂ ಸಮನಾಗಿ ಹರಡಿರುತ್ತವೆ. ಫೇಸ್ 180 ಡಿಗ್ರಿ ತಿರುಗುವಷ್ಟರಲ್ಲಿ ಸಿಗ್ನಲ್ ಅಷ್ಟು ಸೊರಗುವುದಿಲ್ಲ, ಹಾಗಾಗಿ ಕಡಿಮೆ ಗೇನ್ ಸಾಕು. ನಾಲ್ಕು ಸಮ ಹಂತ ಹಾಕಿ ನೋಡಿ, ಬೇಕಾದ ಗೇನ್ ಸುಮಾರು 18.4ಕ್ಕೆ ಇಳಿಯುತ್ತೆ. ಹಂತ ಹೆಚ್ಚಿದಷ್ಟೂ 11.6ರ ಕಡೆಗೇ ಸಾಗುತ್ತೆ, ನನಗೆ ತುಂಬಾ ಇಷ್ಟವಾದ ಫಲಿತಾಂಶ ಇದು!

ಲೈನಿನ ಆಸಿಲೇಟರ್ ಫ್ರೀಕ್ವೆನ್ಸಿ ಅಂದ್ರೆ ಪೈಯನ್ನು ಒಟ್ಟು ರೆಸಿಸ್ಟೆನ್ಸ್ ಮತ್ತು ಒಟ್ಟು ಕೆಪಾಸಿಟೆನ್ಸಿನ ಗುಣಲಬ್ಧದಿಂದ ಭಾಗಿಸಿದ್ದು: ಒಟ್ಟು 100 ಕಿಲೋಓಮ್, 10 ನ್ಯಾನೋಫ್ಯಾರಡ್‌ಗೆ ಸುಮಾರು 3.14 ಕಿಲೋಹರ್ಟ್ಸ್. ಇಂಥ ಲೈನಿಗಾಗಿ ಮೈಸೂರಿನ ಅಂಗಡಿಗಳಲ್ಲಿ ವಿಶೇಷ ಫಿಲ್ಮ್ ಹುಡುಕಬೇಡಿ, ಸಣ್ಣ ಸಣ್ಣ ಹಂತಗಳನ್ನೇ ಸಾಲಾಗಿ ಜೋಡಿಸಿ. ಕೊನೆಯಲ್ಲಿ ಬಫರ್ (ಹಿಂದಿನ ಸರ್ಕ್ಯೂಟಿನಿಂದ ಹೆಚ್ಚು ಕರೆಂಟ್ ಎಳೆಯದೆ ಸಿಗ್ನಲ್ಲನ್ನು ಮುಂದೆ ಕೊಡುವ ಹಂತ) ಹಾಕುವುದನ್ನು ಮಾತ್ರ ಮರೆಯಬೇಡಿ. ಇನ್ವರ್ಟಿಂಗ್ (ಸಿಗ್ನಲ್ಲನ್ನು ತಲೆಕೆಳಗು ಮಾಡುವ) ಆಂಪ್ಲಿಫೈಯರಿನ ಇನ್‌ಪುಟ್ ರೆಸಿಸ್ಟರ್ ಲೈನಿಗೆ ನೇರ ಸೇರಿದರೆ, ಅದು ಕರೆಂಟ್ ಎಳೆಯುವ ಲೋಡ್ ಆಗಿ ಲೆಕ್ಕವೆಲ್ಲ ತಪ್ಪುತ್ತೆ.