ಹಳೆಯ ಪಿಕಪ್‌ಗೆ ಹೀಟೂ ಇದೆ, ಮಿಸ್ಸಿಂಗೂ ಇದೆ: ಎರಡಕ್ಕೂ ಮೂಲ ಒಂದೇ ಇರಬಹುದೇ?

ಪ್ರಶ್ನೆ: ನನ್ನದು ಇಪ್ಪತ್ತು ವರ್ಷ ದಾಟಿದ ನಾಲ್ಕು ಸಿಲಿಂಡರ್‌ನ ಪೆಟ್ರೋಲ್ ಪಿಕಪ್. ಖಾಲಿ ಗಾಡಿ ಸಮತಟ್ಟಾದ ರಸ್ತೆಯಲ್ಲಿ ಚೆನ್ನಾಗಿಯೇ ಓಡುತ್ತದೆ. ಲೋಡ್ ಹಾಕಿ ಏರು ಹತ್ತಿಸಿದರೆ ಟೆಂಪರೇಚರ್ ಮುಳ್ಳು ಮೇಲೇರುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಒಂದು ಸಿಲಿಂಡರ್ ಮಿಸ್ ಹೊಡೆದಂತೆ ಇಂಜಿನ್ ನಡುಗುತ್ತದೆ, ಸ್ವಲ್ಪ ಹೊತ್ತಿಗೆ ಸರಿಹೋಗುತ್ತದೆ. ರೇಡಿಯೇಟರ್, ಥರ್ಮೋಸ್ಟ್ಯಾಟ್, ವಾಟರ್ ಪಂಪ್ ಮೂರನ್ನೂ ಬದಲಾಯಿಸಿದ್ದಾಯಿತು. ಎಲ್ಲೂ ಸೋರಿಕೆ ಕಾಣುವುದಿಲ್ಲ, ಆದರೂ ಆಗಾಗ ಕೂಲೆಂಟ್ ತುಂಬಬೇಕಾಗುತ್ತದೆ. ಇನ್ನೇನು ಬದಲಾಯಿಸಲಿ?

ಉತ್ತರ: ಸದ್ಯಕ್ಕೆ ಏನನ್ನೂ ಬದಲಾಯಿಸಬೇಡಿ. ಹೊಸ ಸಾಮಾನು ಹಾಕಿ ನೋಡುವುದು ಪರೀಕ್ಷೆಯಲ್ಲ. ನಿಮ್ಮ ಪತ್ರದಲ್ಲಿಯೇ ಒಳ್ಳೆಯ ಸುಳಿವುಗಳಿವೆ. ಕೂಲೆಂಟ್ ಕಡಿಮೆಯಾಗುತ್ತಿದೆ, ಆದರೆ ನೆಲಕ್ಕೆ ಬೀಳುತ್ತಿಲ್ಲ. ತಣ್ಣಗಿರುವಾಗ ಒಂದು ಸಿಲಿಂಡರ್ ಕೆಲಸ ಮಾಡುವುದಿಲ್ಲ, ಆಮೇಲೆ ಮಾಡುತ್ತದೆ. ಹೀಟನ್ನು ಒಂದು ದೂರು, ಮಿಸ್ಸಿಂಗನ್ನು ಇನ್ನೊಂದು ದೂರು ಎಂದು ಬೇರೆ ಮಾಡಿ ನೋಡಿದ್ದರಿಂದಲೇ ಇಷ್ಟೆಲ್ಲ ಬದಲಾದರೂ ಗಾಡಿ ಹಾಗೇ ಉಳಿದಿದೆ. ಎರಡನ್ನೂ ಜೋಡಿಸಿ ನೋಡಿದರೆ ನನ್ನ ಅನುಮಾನ ಹೆಡ್ ಗ್ಯಾಸ್ಕೆಟ್ ಮೇಲೆ, ಅಂದರೆ ಇಂಜಿನ್ ಬ್ಲಾಕ್ ಮತ್ತು ಅದರ ಮೇಲಿನ ಸಿಲಿಂಡರ್ ಹೆಡ್ ನಡುವೆ ಕೂತು ಸೀಲ್ ಮಾಡುವ ತೆಳು ಹಾಳೆಯ ಮೇಲೆ ಹೋಗುತ್ತದೆ.

ಅದು ಹೇಗೆಂದರೆ, ಬಿಸಿ ಇಂಜಿನನ್ನು ಆಫ್ ಮಾಡಿದ ಮೇಲೂ ಕೂಲಿಂಗ್ ವ್ಯವಸ್ಥೆಯಲ್ಲಿ ಒತ್ತಡ ಸುಮಾರು ಹೊತ್ತು ಉಳಿದಿರುತ್ತದೆ. ಸಿಲಿಂಡರ್ ಒಳಗೆ ಆಗ ಒತ್ತಡವೇ ಇರುವುದಿಲ್ಲ. ಗ್ಯಾಸ್ಕೆಟ್‌ನಲ್ಲಿ ಸಣ್ಣ ದಾರಿ ಇದ್ದರೂ ಸಾಕು, ಕೂಲೆಂಟ್ ಅದರೊಳಗಿಂದ ಸಿಲಿಂಡರ್‌ಗೆ ಜಿನುಗುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಆ ಸಿಲಿಂಡರ್‌ನ ಪ್ಲಗ್ ಒದ್ದೆಯಾಗಿರುತ್ತದೆ, ಕಿಡಿ ಸರಿಯಾಗಿ ಹಾರುವುದಿಲ್ಲ, ಇಂಜಿನ್ ನಡುಗುತ್ತದೆ. ಒಳಗಿನ ನೀರು ಆವಿಯಾಗಿ ಸೈಲೆನ್ಸರ್‌ನಿಂದ ಹೊರಟುಹೋದ ಮೇಲೆ ಎಲ್ಲ ಸರಿಯಾದಂತೆ ಕಾಣುತ್ತದೆ. ಗಾಡಿ ಓಡುವಾಗ ಇದೇ ದಾರಿಯಲ್ಲಿ ತಿರುಗುಮುರುಗು ನಡೆಯುತ್ತದೆ. ಉರಿಯುವ ಗ್ಯಾಸಿನ ಒತ್ತಡ ಕೂಲೆಂಟಿನ ಒತ್ತಡಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಹಾಗಾಗಿ ಗ್ಯಾಸ್ ವಾಟರ್ ಜಾಕೆಟ್ಟಿಗೆ (ಸಿಲಿಂಡರ್ ಸುತ್ತ ಕೂಲೆಂಟ್ ಹರಿಯುವ ಜಾಗ) ನುಗ್ಗಿ ಅಲ್ಲಿದ್ದ ಕೂಲೆಂಟನ್ನು ಹೊರಗೆ ತಳ್ಳುತ್ತದೆ. ಲೋಡ್ ಹಾಕಿ ಏರು ಹತ್ತುವಾಗ ಸಿಲಿಂಡರ್ ಒತ್ತಡ ಜಾಸ್ತಿ, ಮುಳ್ಳು ಏರುವುದೂ ಆಗಲೇ.

ಇಷ್ಟಾದರೂ ಇದಿನ್ನೂ ಅನುಮಾನವೇ. ಹೆಡ್ ಬಿಚ್ಚುವುದು ದೊಡ್ಡ ಕೆಲಸ, ಅದಕ್ಕೆ ಕೈಹಾಕುವ ಮುಂಚೆ ಸಾಕ್ಷಿ ಬೇಕು.

ಮೊದಲು ರೇಡಿಯೇಟರ್ ಕ್ಯಾಪ್ ನೋಡಿ. ನೀವು ಬದಲಾಯಿಸಿದ ಪಟ್ಟಿಯಲ್ಲಿ ಅದೊಂದೇ ಇಲ್ಲ. ಕೂಲೆಂಟ್ ಮತ್ತು ನೀರಿನ ಅರ್ಧಕ್ಕರ್ಧ ಮಿಶ್ರಣ ಒತ್ತಡವಿಲ್ಲದೆ ಸುಮಾರು 106 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಸುಮಾರು 1 ಬಾರ್ ಒತ್ತಡ ಹಿಡಿದಿಡುವ ಕ್ಯಾಪ್ ಇದ್ದರೆ ಕುದಿಯುವ ಮಟ್ಟ 129ರ ಆಸುಪಾಸಿಗೆ ಏರುತ್ತದೆ. ಕ್ಯಾಪಿನ ಸ್ಪ್ರಿಂಗ್ ಸೋತಿದ್ದರೆ, ಸೀಲಿನ ರಬ್ಬರ್ ಬಿರುಕು ಬಿಟ್ಟಿದ್ದರೆ ಈ ಇಪ್ಪತ್ತು ಚಿಲ್ಲರೆ ಡಿಗ್ರಿಗಳ ರಕ್ಷಣೆ ಹೋಯಿತು. ಏರಿನಲ್ಲಿ ಕೂಲೆಂಟ್ ಕುದಿದು ಓವರ್‌ಫ್ಲೋ ಪೈಪಿನಿಂದ ಹೊರಗೆ ಹೋಗುತ್ತದೆ. ಓಡುವ ಗಾಡಿಯಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ. ಕ್ಯಾಪಿನ ಮಧ್ಯೆ ಇನ್ನೊಂದು ಪುಟ್ಟ ವಾಲ್ವ್ ಇರುತ್ತದೆ, ಇಂಜಿನ್ ತಣಿಯುವಾಗ ಓವರ್‌ಫ್ಲೋ ಡಬ್ಬಿಯಿಂದ ಕೂಲೆಂಟನ್ನು ವಾಪಸ್ ಒಳಗೆ ಬಿಡುವುದು ಅದರ ಕೆಲಸ. ಉಗುರಿನಿಂದ ಮೆಲ್ಲಗೆ ಎಳೆದು ನೋಡಿ: ಸಲೀಸಾಗಿ ಬಂದು, ಬಿಟ್ಟಾಗ ವಾಪಸ್ ಕೂರಬೇಕು. ಅಲ್ಲಿ ತುಕ್ಕೋ ಕೆಸರೋ ಅಂಟಿದ್ದರೆ ಹೊಸ ಕ್ಯಾಪ್ ಹಾಕಿ, ಹಳೆಯದರ ಮೇಲೆ ಬರೆದಿರುವ ಒತ್ತಡದ್ದೇ ಆಗಿರಲಿ. ಜಾಸ್ತಿ ಒತ್ತಡದ ಕ್ಯಾಪ್ ಹಾಕಿದರೆ ಹಳೆಯ ಹೋಸುಗಳು ಒಡೆಯುತ್ತವೆ. ಒಂದು ಮಾತು ದಯವಿಟ್ಟು ನೆನಪಿಡಿ, ಇಂಜಿನ್ ಬಿಸಿ ಇರುವಾಗ ಕ್ಯಾಪ್ ಮುಟ್ಟಲೇಬೇಡಿ. ಕ್ಯಾಪ್ ತೆಗೆದ ಕ್ಷಣ ಒತ್ತಡ ಇಳಿದು ಒಳಗಿನದೆಲ್ಲ ಒಮ್ಮೆಲೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಬಟ್ಟೆ ಸುತ್ತಿ ನಿಧಾನವಾಗಿ ತಿರುಗಿಸಿದರೂ ಅಪಾಯ ತಪ್ಪುವುದಿಲ್ಲ.

ಕ್ಯಾಪ್ ಸರಿ ಇದ್ದರೆ ಬೆಳಗಿನ ಪರೀಕ್ಷೆ ಮಾಡಿ. ಇಂಜಿನ್ ರಾತ್ರಿಯಿಡೀ ತಣಿದಿರಬೇಕು. ಕ್ಯಾಪ್ ಹಾಕಿಯೇ ಸ್ಟಾರ್ಟ್ ಮಾಡಿ, ರೇಡಿಯೇಟರಿನ ಮೇಲಿನ ಹೋಸ್ ಪೈಪನ್ನು ಕೈಯಲ್ಲಿ ಹಿಸುಕಿ ನೋಡಿ. ತಿರುಗುವ ಫ್ಯಾನು, ಬೆಲ್ಟುಗಳಿಂದ ಕೈ, ತೋಳು ದೂರವಿರಲಿ. ಇಂಜಿನ್ ಇನ್ನೂ ಬಿಸಿಯೇ ಆಗಿಲ್ಲ, ಆಗಲೇ ಪೈಪ್ ಕಲ್ಲಿನಂತೆ ಗಟ್ಟಿಯಾದರೆ ಆ ಒತ್ತಡ ಕಾವಿನಿಂದ ಬಂದದ್ದಲ್ಲ, ಸಿಲಿಂಡರ್‌ನಿಂದ ಬಂದದ್ದು. ಮರುದಿನ ಬೆಳಿಗ್ಗೆ ಕ್ಯಾಪ್ ತೆಗೆದಿಟ್ಟು ಸ್ಟಾರ್ಟ್ ಮಾಡಿ ಕೂಲೆಂಟ್ ಮೇಲ್ಮೈ ಗಮನಿಸಿ. ಹೊಸದಾಗಿ ಕೂಲೆಂಟ್ ತುಂಬಿದ್ದರೆ ಸಿಕ್ಕಿಕೊಂಡ ಗಾಳಿ ಮೊದಮೊದಲು ಗುಳ್ಳೆಯಾಗಿ ಬರುವುದು ಸಹಜ, ಕ್ರಮೇಣ ನಿಲ್ಲುತ್ತದೆ. ನಿಲ್ಲದೆ ಬರುತ್ತಿದ್ದರೆ, ಆಕ್ಸಿಲರೇಟರ್ ಕೊಟ್ಟಾಗ ಹೆಚ್ಚಾದರೆ ಅದು ಸೀದಾ ಗ್ಯಾಸ್ಕೆಟ್ ಕಡೆಗೇ ಕೈ ತೋರಿಸುತ್ತದೆ.

ಇನ್ನೂ ಖಾತ್ರಿ ಬೇಕಾದರೆ ಬಣ್ಣದ ಪರೀಕ್ಷೆ ಇದೆ. ಗ್ಯಾರೇಜಿನಲ್ಲಿ ನೀಲಿ ದ್ರವ ತುಂಬಿದ ಒಂದು ನಳಿಗೆಯನ್ನು ರೇಡಿಯೇಟರಿನ ಬಾಯಿಗೆ ಒತ್ತಿ ಹಿಡಿದು, ಒಳಗಿನ ಆವಿಯನ್ನು ಅದರ ಮೂಲಕ ಎಳೆಯುತ್ತಾರೆ. ಉರಿದ ಗ್ಯಾಸಿನ ಇಂಗಾಲದ ಡೈಆಕ್ಸೈಡ್ ಇದ್ದರೆ ಪೆಟ್ರೋಲ್ ಇಂಜಿನ್ನಿನಲ್ಲಿ ನೀಲಿ ಹಳದಿಗೆ ತಿರುಗುತ್ತದೆ. ಮೊದಲು ಕೂಲೆಂಟ್ ಮಟ್ಟವನ್ನು ಸ್ವಲ್ಪ ಇಳಿಸಿಕೊಳ್ಳಬೇಕು, ಕೂಲೆಂಟೇ ನಳಿಗೆಗೆ ಏರಿದರೆ ಪರೀಕ್ಷೆ ಕೆಟ್ಟಂತೆ.

ಯಾವ ಸಿಲಿಂಡರ್ ಎಂದು ತಿಳಿಯಲು ಪ್ಲಗ್‌ಗಳನ್ನು ಬಿಚ್ಚಿ ಸಾಲಾಗಿ ಇಡಿ. ಮೂರು ಪ್ಲಗ್ ಕಂದು ಬಣ್ಣದಲ್ಲಿದ್ದು ಒಂದು ಮಾತ್ರ ತೊಳೆದಿಟ್ಟಂತೆ ಬೆಳ್ಳಗಿದ್ದರೆ ಆ ಸಿಲಿಂಡರ್‌ಗೆ ನೀರು ಹೋಗುತ್ತಿದೆ, ಆವಿ ಅದನ್ನು ಒಳಗಿಂದ ತೊಳೆಯುತ್ತಿದೆ. ಜೊತೆಗೆ ಕಂಪ್ರೆಷನ್, ಅಂದರೆ ಪಿಸ್ಟನ್ ಮೇಲೇರಿದಾಗ ಸಿಲಿಂಡರ್‌ನಲ್ಲಿ ಹುಟ್ಟುವ ಒತ್ತಡ, ಅಳೆಯಿಸಿ. ಅಕ್ಕಪಕ್ಕದ ಎರಡು ಸಿಲಿಂಡರ್‌ಗಳಲ್ಲಿ ಒಟ್ಟಿಗೆ ಕಂಪ್ರೆಷನ್ ಇಳಿದಿದ್ದರೆ ಅವುಗಳ ನಡುವಿನ ಗ್ಯಾಸ್ಕೆಟ್ ಸುಟ್ಟಿರುವ ಸಾಧ್ಯತೆ ಹೆಚ್ಚು. ಆಯಿಲ್ ತುಂಬುವ ಮುಚ್ಚಳದ ಅಡಿಯಲ್ಲಿ ಹಾಲಿನ ಕೆನೆಯಂತಹ ಪದರ ಕಂಡರೆ ಹೆದರುವವರು ಬಹಳ ಮಂದಿ. ಗಾಡಿ ಬರೀ ಚಿಕ್ಕ ಚಿಕ್ಕ ಓಡಾಟ ಮಾಡುತ್ತಿದ್ದರೆ ತೇವ ಕೂತೂ ಹಾಗಾಗುತ್ತದೆ. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ಲೇ ಬೆಳ್ಳಗಾಗಿದ್ದರೆ ಮಾತ್ರ ಅದು ಗಂಭೀರ. ಆಮೇಲೆ ಗಾಡಿ ಓಡಿಸಬೇಡಿ, ನೀರು ಬೆರೆತ ಆಯಿಲ್ ಬೇರಿಂಗುಗಳನ್ನು ತಿಂದುಹಾಕುತ್ತದೆ.

ಎಂದಾದರೂ ಬೆಳಿಗ್ಗೆ ಸ್ಟಾರ್ಟರ್ ಅರ್ಧ ಸುತ್ತಿಗೆ ಗಕ್ಕನೆ ನಿಂತರೆ ಮತ್ತೆ ಮತ್ತೆ ಕೀ ತಿರುಗಿಸಬೇಡಿ. ಸಿಲಿಂಡರ್‌ನಲ್ಲಿ ಜಾಸ್ತಿ ನೀರು ನಿಂತಿರಬಹುದು. ನೀರು ಕುಗ್ಗುವುದಿಲ್ಲ, ಪಿಸ್ಟನ್ ಅದಕ್ಕೆ ಬಡಿದರೆ ಬಾಗುವುದು ಕನೆಕ್ಟಿಂಗ್ ರಾಡ್. ಎಲ್ಲ ಪ್ಲಗ್ ಬಿಚ್ಚಿದ ಮೇಲೆಯೇ ಇಂಜಿನ್ ತಿರುಗಿಸಬೇಕು.

ಸಾಕ್ಷಿ ಸಿಕ್ಕಿ ಹೆಡ್ ಇಳಿಸಿದಿರಿ ಎಂದುಕೊಳ್ಳಿ. ಹೊಸ ಗ್ಯಾಸ್ಕೆಟ್ ಹಾಕಿ ಮುಚ್ಚಿಬಿಟ್ಟರೆ ಕೆಲಸ ಮುಗಿಯಲಿಲ್ಲ. ಹೆಡ್ ಅಲ್ಯೂಮಿನಿಯಂದಾದರೆ ಹೀಟಿಗೆ ಅದು ಬಾಗಿರುವುದು ಸಾಮಾನ್ಯ. ನೇರವಾದ ಉಕ್ಕಿನ ಪಟ್ಟಿಯನ್ನು ಉದ್ದಕ್ಕೂ, ಮೂಲೆಯಿಂದ ಮೂಲೆಗೂ ಇಟ್ಟು ಅಡಿಯಲ್ಲಿ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿ) ತೂರಿಸಿ ನೋಡುತ್ತಾರೆ. ಬಹಳ ಇಂಜಿನ್ನುಗಳಲ್ಲಿ 0.05ರಿಂದ 0.1 ಮಿಲಿಮೀಟರ್ ಬಾಗಿದರೇ ಮಿತಿ ಮುಟ್ಟಿದಂತೆ. ನಿಮ್ಮ ಇಂಜಿನ್ನಿನ ನಿಖರ ಅಂಕಿಯನ್ನು ಮ್ಯಾನ್ಯುಯಲ್‌ನಲ್ಲಿ ನೋಡಬೇಕು. ಬಾಗಿದ್ದರೆ ಫೇಸಿಂಗ್ ಮಾಡಿಸಿ, ಅಂದರೆ ಮೇಲ್ಮೈಯನ್ನು ಯಂತ್ರದಲ್ಲಿ ಸಮ ಮಾಡಿಸಿ, ಬಿರುಕಿಗಾಗಿ ಪ್ರೆಷರ್ ಟೆಸ್ಟ್ ಮಾಡಿಸಿ. ಬ್ಲಾಕಿನ ಬೋಲ್ಟ್ ರಂಧ್ರಗಳಲ್ಲಿ ಆಯಿಲ್ಲೋ ಕೂಲೆಂಟೋ ನಿಂತಿರುತ್ತದೆ, ಅದನ್ನು ಪೂರ್ತಿ ತೆಗೆದು ಒಣಗಿಸಲೇಬೇಕು. ಇಲ್ಲದಿದ್ದರೆ ಬೋಲ್ಟ್ ಕೆಳಗೆ ದ್ರವ ಸಿಕ್ಕಿಕೊಂಡು ಟಾರ್ಕ್ ರೆಂಚ್ ಸುಳ್ಳು ಲೆಕ್ಕ ಕೊಡುತ್ತದೆ, ಬ್ಲಾಕ್ ಸೀಳುವುದೂ ಉಂಟು. ಬಿಗಿಯುವುದು ಮಧ್ಯದಿಂದ ಹೊರಕ್ಕೆ, ಮ್ಯಾನ್ಯುಯಲ್ ಹೇಳಿದ ಕ್ರಮದಲ್ಲಿ, ಹಂತಹಂತವಾಗಿ. ಒಮ್ಮೆ ಮಾತ್ರ ಬಳಸುವ ಜಾತಿಯ ಬೋಲ್ಟುಗಳಾದರೆ ಹೊಸವೇ ಬೇಕು.

ಪರೀಕ್ಷೆಗಳೆಲ್ಲ ಗ್ಯಾಸ್ಕೆಟ್ ಚೆನ್ನಾಗಿದೆ ಎಂದರೆ? ಆಗ ಮೊದಲು ಕೂಲೆಂಟ್ ಎಲ್ಲಿಗೆ ಹೋಗುತ್ತಿದೆ ಎಂದು ಹುಡುಕಿ: ಹೀಟರ್ ಇದ್ದರೆ ಕ್ಯಾಬಿನ್ ಕಾರ್ಪೆಟ್ ಅಡಿಯ ತೇವ, ವಾಟರ್ ಪಂಪಿನ ಕೆಳಗಿನ ಸಣ್ಣ ತೂತು, ಹೋಸ್ ಕ್ಲಾಂಪುಗಳ ಸುತ್ತ ಒಣಗಿದ ಕೂಲೆಂಟಿನ ಕಲೆ. ಹೀಟು, ಮಿಸ್ಸಿಂಗು ಎರಡನ್ನೂ ತರಬಲ್ಲ ಬೇರೆ ಕಾರಣಗಳೂ ಇವೆ. ನಿಮ್ಮದು ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಸರದಿಯಂತೆ ಕರೆಂಟ್ ಹಂಚುವ ಭಾಗ) ಇರುವ ಇಂಜಿನ್ನಾದರೆ, ಕಿಡಿ ಹಾರುವ ಸಮಯ ತೋರಿಸುವ ಟೈಮಿಂಗ್ ಲೈಟ್ ಹಾಕಿಸಿ ನೋಡಿ. ವೇಗ ಹೆಚ್ಚಿದಂತೆ ಕಿಡಿಯನ್ನು ಬೇಗ ಹಾರಿಸುವ ಅಡ್ವಾನ್ಸ್ ವ್ಯವಸ್ಥೆ ತುಕ್ಕು ಹಿಡಿದು ಕಚ್ಚಿಕೊಂಡಿದ್ದರೆ ಕಿಡಿ ತಡವಾಗುತ್ತದೆ. ಎಕ್ಸಾಸ್ಟ್ ವಾಲ್ವ್ ತೆರೆಯುವಾಗಲೂ ಉರಿ ಪೂರ್ತಿ ಮುಗಿದಿರುವುದಿಲ್ಲ, ಆ ಶಾಖವೆಲ್ಲ ಹೆಡ್ಡಿಗೆ ಇಳಿಯುತ್ತದೆ. ಇಂಟೇಕ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ಟಿನಲ್ಲೋ ಒಣಗಿ ಬಿರಿದ ವ್ಯಾಕ್ಯೂಮ್ ಪೈಪಿನಲ್ಲೋ ಗಾಳಿ ಎಳೆಯುತ್ತಿದ್ದರೆ ಮಿಶ್ರಣ ತೆಳುವಾಗಿ ಐಡ್ಲಿಂಗ್ ಕೆಡುತ್ತದೆ. ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕಟ್ಟಿಕೊಂಡಿದ್ದರೆ ಏರಿನಲ್ಲಿ ಎಳೆತವೂ ಇರುವುದಿಲ್ಲ.

ಪ್ರಶ್ನೆ: ನನ್ನದು ಹಳೆಯ ಡೀಸೆಲ್ ಪಿಕಪ್. ಟ್ರಾಫಿಕ್ಕಿನಲ್ಲಿ ನಿಂತರೆ ಹೀಟ್, ಹೊರಟರೆ ಇಳಿಯುತ್ತದೆ. ಐಡ್ಲಿಂಗಿನಲ್ಲಿ ಎಗರಾಡುತ್ತದೆ ಕೂಡ. ಇದೂ ಗ್ಯಾಸ್ಕೆಟ್ಟೇ?

ಉತ್ತರ: ಬಹುಶಃ ಅಲ್ಲ. ನಿಂತಾಗ ಏರಿ ಓಡುವಾಗ ಇಳಿಯುವ ಹೀಟು ಗಾಳಿಯ ಕೊರತೆಯದು. ಇಂಜಿನ್ ಬಿಸಿಯಾದ ಮೇಲೆ ಆಫ್ ಮಾಡಿ, ಕೀ ತೆಗೆದು, ಬೆಲ್ಟಿನಿಂದ ತಿರುಗುವ ಫ್ಯಾನನ್ನು ಕೈಯಿಂದ ತಿರುಗಿಸಿ. ಬಿಸಿಯಾದಾಗ ಫ್ಯಾನನ್ನು ಬಿಗಿಯಾಗಿ ಹಿಡಿದು ತಿರುಗಿಸುವ ಫ್ಯಾನ್ ಕ್ಲಚ್ ಚೆನ್ನಾಗಿದ್ದರೆ ಬಿಗಿ ಇರುತ್ತದೆ. ತಡೆಯೇ ಇಲ್ಲದೆ ಸುತ್ತು ಹೊಡೆದರೆ, ಅಥವಾ ಫ್ಯಾನಿನ ಮಧ್ಯದ ಆ ಕ್ಲಚ್ ಸುತ್ತ ಎಣ್ಣೆಯ ಜಿಡ್ಡು ಕಂಡರೆ ಒಳಗಿನ ಸಿಲಿಕೋನ್ ದ್ರವ ಸೋರಿಹೋಗಿದೆ. ಎಲೆಕ್ಟ್ರಿಕ್ ಫ್ಯಾನ್ ಆದರೆ ಈ ಪರೀಕ್ಷೆ ಬೇಡ, ಅದು ಕೀ ತೆಗೆದ ಮೇಲೂ ತಾನಾಗಿ ಚಾಲೂ ಆಗಬಹುದು. ಎ.ಸಿ. ಇದ್ದರೆ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಸಂದಿಗೆ ಟಾರ್ಚ್ ಬಿಟ್ಟು ನೋಡಿ. ಧೂಳು, ಹುಳು, ಹುಲ್ಲು ಅಲ್ಲಿ ಕಂಬಳಿಯಂತೆ ಕೂತಿರುತ್ತದೆ, ಹೊರಗಿನಿಂದ ಕಾಣುವುದಿಲ್ಲ. ಇಂಜಿನ್ ತಣಿದ ಮೇಲೆ ಇಂಜಿನ್ ಕಡೆಯಿಂದ ಹೊರಕ್ಕೆ ಮೆಲ್ಲಗೆ ನೀರು ಬಿಟ್ಟು ತೊಳೆಯಿರಿ. ಫ್ಯಾನ್ ಸುತ್ತಲಿನ ಪ್ಲಾಸ್ಟಿಕ್ ಶ್ರೌಡ್ ಮುರಿದು ಬಿಸಾಡಿದ್ದರೆ ಹೊಸದು ಹಾಕಿಸಿ. ಅದಿಲ್ಲದಿದ್ದರೆ ಫ್ಯಾನ್ ರೇಡಿಯೇಟರ್ ಮೂಲಕ ಎಳೆಯಬೇಕಾದ ಗಾಳಿಯನ್ನು ಪಕ್ಕದಿಂದ ಎಳೆದುಕೊಳ್ಳುತ್ತದೆ.

ಎಗರಾಟ ನಿಮ್ಮಲ್ಲಿ ಬೇರೆಯದೇ ದೂರು. ಡೀಸೆಲ್ ಫಿಲ್ಟರ್, ಪೈಪಿನ ಜಾಯಿಂಟುಗಳಲ್ಲಿ ಗಾಳಿ, ಆಮೇಲೆ ಇಂಜೆಕ್ಟರ್, ಈ ಕ್ರಮದಲ್ಲಿ ನೋಡಿಸಿ. ಇಂಜೆಕ್ಟರ್ ಪೈಪಿನ ನಟ್ ಸಡಿಲಿಸಿ ಯಾವ ಸಿಲಿಂಡರ್ ಎಂದು ಕಂಡುಹಿಡಿಯುವ ಹಳೆಯ ಪದ್ಧತಿಯನ್ನು ಕಾಮನ್‌ರೈಲ್ (ಒಂದೇ ಪೈಪಿನಲ್ಲಿ ಅತಿ ಒತ್ತಡದ ಡೀಸೆಲ್ ಎಲ್ಲ ಇಂಜೆಕ್ಟರುಗಳಿಗೆ ಹೋಗುವ) ಇಂಜಿನ್ನಿನಲ್ಲಿ ಯಾವತ್ತೂ ಮಾಡಬಾರದು. ಆ ಒತ್ತಡದ ಡೀಸೆಲ್ ಚರ್ಮ ತೂರಿ ಮೈಯೊಳಗೆ ಹೋಗುತ್ತದೆ. ಗಾಯ ಸೂಜಿಮೊನೆಯಷ್ಟೇ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕಾದ ಗಾಯ ಅದು.

ಪ್ರಶ್ನೆ: ಹೀಟ್ ಆಗುತ್ತದೆಂದು ಥರ್ಮೋಸ್ಟ್ಯಾಟ್ ತೆಗೆಸಿಹಾಕಿದೆ. ಈಗ ಲೋಡಿನಲ್ಲಿ ಮೊದಲಿಗಿಂತ ಹೆಚ್ಚು ಹೀಟ್ ಆಗುತ್ತಿದೆಯಲ್ಲ?

ಉತ್ತರ: ಆಗುತ್ತದೆ. ಹಲವು ಇಂಜಿನ್ನುಗಳಲ್ಲಿ ಥರ್ಮೋಸ್ಟ್ಯಾಟ್ ಎರಡು ಕೆಲಸ ಮಾಡುತ್ತದೆ. ರೇಡಿಯೇಟರ್ ಕಡೆಗಿನ ದಾರಿ ತೆರೆಯುತ್ತಿದ್ದಂತೆ ಅದರ ತಳದ ಬಿಲ್ಲೆ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಪೂರ್ತಿ ತೆಗೆದುಬಿಟ್ಟರೆ ಬೈಪಾಸ್ ಸದಾ ತೆರೆದೇ ಇರುತ್ತದೆ. ಬಿಸಿ ಕೂಲೆಂಟಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಹಾಗೇ ಇಂಜಿನ್ನಿಗೆ ಮರಳುತ್ತದೆ. ಸರಿಯಾದ ಡಿಗ್ರಿಯದನ್ನೇ ತಂದು ಹಾಕಿಸಿ. ಹಾಕುವ ಮುನ್ನ ದಾರ ಕಟ್ಟಿ, ತಳಕ್ಕೆ ತಾಗದಂತೆ ನೀರಿನ ಪಾತ್ರೆಯಲ್ಲಿ ತೂಗಿಬಿಟ್ಟು ಥರ್ಮಾಮೀಟರ್ ಇಟ್ಟು ಕಾಯಿಸಿ. 82 ಎಂದು ಬರೆದಿದ್ದರೆ ಅದರ ಆಸುಪಾಸಿನಲ್ಲಿ ಬಾಯಿ ಬಿಡಲು ಶುರುಮಾಡಿ, ನೀರು ಕುದಿಯುವಷ್ಟರಲ್ಲಿ ಪೂರ್ತಿ ತೆರೆದಿರಬೇಕು. ಕೂರಿಸುವಾಗ ಸ್ಪ್ರಿಂಗ್ ಇಂಜಿನ್ ಕಡೆಗಿರಲಿ. ಅಂಚಿನಲ್ಲಿ ಅಲ್ಲಾಡುವ ಪುಟ್ಟ ಪಿನ್ ಇದ್ದರೆ, ಮ್ಯಾನ್ಯುಯಲ್ ಬೇರೆ ಹೇಳದ ಹೊರತು ಅದು ಮೇಲ್ಭಾಗಕ್ಕೆ ಬರಬೇಕು. ಕೂಲೆಂಟ್ ತುಂಬುವಾಗ ಒಳಗಿನ ಗಾಳಿ ಹೊರಬರುವುದು ಆ ದಾರಿಯಿಂದಲೇ.