ವಾಹನ ಪ್ರಶ್ನೋತ್ತರ: ಘಾಟಿಯಲ್ಲಿ ಮುಗ್ಗರಿಸುವ ಮೋಟಾರ್‌ಹೋಮ್

ಪ್ರಶ್ನೆ: 1980ರ ದಶಕದ ಪೆಟ್ರೋಲ್ ವ್ಯಾನೊಂದನ್ನು ಮೋಟಾರ್‌ಹೋಮ್ ಆಗಿ ಮಾರ್ಪಡಿಸಿಕೊಂಡಿದ್ದೇವೆ. ಟ್ಯಾಂಕ್ ಅರ್ಧಕ್ಕಿಳಿದ ಮೇಲೆ ಸಂಪಾಜೆ ಘಾಟಿ ಹತ್ತುವಾಗ ಎಂಜಿನ್ ಮುಗ್ಗರಿಸುತ್ತದೆ. ದೊಡ್ಡ ಟ್ಯಾಂಕ್ ಹಾಕಿಸಿದರೆ ಸರಿಹೋಗುವುದೇ?
– ಓದುಗರೊಬ್ಬರು, ಮಡಿಕೇರಿ

ಉತ್ತರ: ಟ್ಯಾಂಕಿನ ಗಾತ್ರ ಇಲ್ಲಿ ಕಾರಣವಾಗಿರಲಾರದು. ಏರಿನಲ್ಲಿ ಪೆಟ್ರೋಲ್ ಟ್ಯಾಂಕಿನ ಹಿಂಬದಿಗೆ ಸರಿಯುವುದರಿಂದ, ಒಳಗಿನ ಹೀರುಕೊಳವೆ ತುಕ್ಕು ಹಿಡಿದು ತೂತಾಗಿ, ಆ ತೂತು ಪೆಟ್ರೋಲಿನ ಮಟ್ಟಕ್ಕಿಂತ ಮೇಲಾದರೆ ಅಥವಾ ಪಂಪಿಗೆ ಮೊದಲಿನ ರಬ್ಬರ್ ಹೋಸ್ ಬಿರುಕುಬಿಟ್ಟಿದ್ದರೆ, ಪಂಪು ಇಂಧನದ ಜತೆ ಗಾಳಿಯನ್ನೂ ಎಳೆಯುತ್ತದೆ. ಹೀರುವ ಬದಿಯ ಇಂಥ ಬಿರುಕು ಹೊರಗೆ ಸೋರದೆಯೂ ಇರಬಹುದಾದ್ದರಿಂದ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಹೋಸನ್ನು ಬೆರಳಲ್ಲಿ ಬಾಗಿಸಿ ನೋಡಿ. ಮೇಲ್ಮೈ ಸೀಳಿದರೆ ಅಥವಾ ಕೈಗೆ ಅಂಟಿದರೆ ಪೂರ್ತಿ ಬದಲಿಸಿ. ಇ20 (ಶೇ 20ರಷ್ಟು ಎಥನಾಲ್ ಬೆರೆತ) ಪೆಟ್ರೋಲಿನ ಎಥನಾಲ್ ಹಳೆಯ ರಬ್ಬರನ್ನು ಹಾಳುಮಾಡುತ್ತದೆ, ಆದ್ದರಿಂದ ಅಗ್ಗದ ಹೋಸ್ ಬೇಡ, ಎಥನಾಲ್ ತಾಳಬಲ್ಲ ಎಸ್‌ಎಇ ಜೆ30 ಆರ್9 ದರ್ಜೆಯದನ್ನೇ ಕೇಳಿ ಪಡೆಯಿರಿ.

ಕೊಡಗಿನ ಮಳೆಗಾಲದಲ್ಲಿ ನಿಂತೇ ಇರುವ ಗಾಡಿಯ ಟ್ಯಾಂಕಿಗೆ ತೇವಾಂಶವೂ ಸೇರುತ್ತದೆ. ಎಥನಾಲ್ ಅದನ್ನು ಹೀರಿಕೊಂಡು, ನೀರು ಮಿತಿ ಮೀರಿದಾಗ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕಿಳಿಯುತ್ತದೆ. ಟ್ಯಾಂಕನ್ನು ಇಳಿಸಿ ತೊಳೆಸುವುದು ಒಳ್ಳೆಯದು.

ದೂರದ ಪ್ರಯಾಣಕ್ಕಾಗಿಯೇ ದೊಡ್ಡ ಟ್ಯಾಂಕ್ ಬೇಕೆಂದಾದರೆ, 50 ಲೀಟರ್ ಹೆಚ್ಚಿದಂತೆ ಪೆಟ್ರೋಲಿನ ತೂಕವೇ ಸುಮಾರು 37 ಕಿಲೋ ಏರುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿದು, ಕೆಲಸಕ್ಕೆ ಮುನ್ನ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ.