ಮಿನಿಮಮ್ ಕಟ್ಟಿದರೂ ಬಾಕಿ ಯಾಕೆ ಇಳಿಯುತ್ತಿಲ್ಲ?

ಪ್ರತಿ ತಿಂಗಳೂ ತಪ್ಪದೆ ಕ್ರೆಡಿಟ್ ಕಾರ್ಡಿನ ಮಿನಿಮಮ್ (ಬಿಲ್ಲಿನಲ್ಲಿ ಕಟ್ಟಲೇಬೇಕಾದ ಕನಿಷ್ಠ ಮೊತ್ತ) ಕಟ್ಟುತ್ತಿದ್ದೇನೆ, ಆದರೂ ನೆಮ್ಮದಿ ಇಲ್ಲ, ಯಾಕೆ ಅಂತ ಕೇಳಿದ್ದೀರಿ. ನೀವು ಸೋಮಾರಿಯಲ್ಲ. ಆ ಲೆಕ್ಕ ಇರುವುದೇ ಹಾಗೆ.

ಬಾಕಿ 100, ಬಡ್ಡಿ ತಿಂಗಳಿಗೆ ಶೇ. 3, ಮಿನಿಮಮ್ ಶೇ. 5 ಅಂದುಕೊಳ್ಳಿ. ಕಟ್ಟಿದ 5ರಲ್ಲಿ 3 ಬಡ್ಡಿಗೇ ಹೋಯಿತು. ಅಸಲು ಕರಗಿದ್ದು ಬರೀ 2. ಒಂದು ವರ್ಷ ಹೊಸದಾಗಿ ಏನೂ ಕೊಳ್ಳದಿದ್ದರೂ ಸುಮಾರು 78 ಹಾಗೇ ಉಳಿದಿರುತ್ತದೆ! ಜೊತೆಗೆ, ಬಾಕಿ ಉಳಿಸಿಕೊಂಡರೆ ಸಾಮಾನ್ಯವಾಗಿ ಬಡ್ಡಿಯಿಲ್ಲದ ದಿನಗಳೂ ಕೈತಪ್ಪುತ್ತವೆ. ಇವತ್ತು ಕೊಂಡ ಸೋಪಿಗೂ ಇವತ್ತಿನಿಂದಲೇ ಬಡ್ಡಿ.

ನಾನೂ ಎರಡು ವರ್ಷ ಹೀಗೇ ಒದ್ದಾಡಿದ್ದೇನೆ. ಬಿಲ್ ಮೆಸೇಜ್ ಬಂದರೆ ಎದೆ ಧಸಕ್ ಅನ್ನುತ್ತಿತ್ತು. ಮೊತ್ತ ನೋಡದೇ ಮಿನಿಮಮ್ ಒತ್ತಿ ಫೋನ್ ಪಕ್ಕಕ್ಕಿಡುತ್ತಿದ್ದೆ. ಸಾಲಕ್ಕಿಂತ ಆ ಕಣ್ಣುಮುಚ್ಚುವ ಅಭ್ಯಾಸವೇ ನನ್ನನ್ನು ಜಾಸ್ತಿ ಹಿಂಡಿತು.

ಬಾಕಿ ಇಳಿದಂತೆ ಬಿಲ್ಲಿನಲ್ಲಿ ಮಿನಿಮಮ್ ಕೂಡ ಇಳಿಯುತ್ತದೆ, ಅಲ್ವಾ? ನೀವು ಇಳಿಸಬೇಡಿ. ಕಾರ್ಡ್ ಬಳಸುವುದು ನಿಲ್ಲಿಸಿ, ಮೊದಲ ತಿಂಗಳ ಆ 5ನ್ನೇ ಪ್ರತಿ ತಿಂಗಳೂ ಕಟ್ಟಿ. ಇದೇ ಲೆಕ್ಕದಲ್ಲಿ ಸುಮಾರು 31 ತಿಂಗಳಿಗೆ ಪೂರ್ತಿ ತೀರುತ್ತದೆ. ಸ್ವಲ್ಪ ಜಾಸ್ತಿ ಕಟ್ಟಲು ಆದರೆ ಇನ್ನೂ ಬೇಗ.

ನಿಮ್ಮ ಬಡ್ಡಿ ದರ ಎಷ್ಟು ಅಂತ ಬರೆಯಿರಿ, ತಿಂಗಳ ಲೆಕ್ಕ ಹಾಕಿಕೊಡುತ್ತೇನೆ.